ಗೋಡೆ ನೋಡಲು ರಜೆ

ಸೆಪ್ಟೆಂಬರ್ 1, 2013, ಭಾನುವಾರ

ಇಂದೂ ಸೊನ್ನೆ. ಚೀನಾ ಪ್ರವಾಸ ವಿಭಾಗದ ಮುಖ್ಯಸ್ಥರೂ ಏಕೈಕ ನೌಕರರೂ ಚಹಾ ತರುವವರೂ ಆದ ಶ್ರೀಮಾನ್ ಸುಹೈಬ್ ಅವರು (ಅಂದರೆ ನಾನು) ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ರಿಜಿಸ್ಟರ್ ತೆರೆದಿಟ್ಟು ಕುಳಿತಿದ್ದರು. ಒಂದು ನೊಣ ಬಂತು. ಹೆಸರು ಬರೆಸಲಿಲ್ಲ.

ಮಸೂದ್ ಭಾಯ್ ಮತ್ತೆ ನೆನಪಿಸಿದರು. ಈ ಟ್ರಾವೆಲ್ಸ್ ಅವರದು, ಮಾತು ಕಡಿಮೆ. ಬಕ್ರೀದ್ ರಜೆಗೆ ಬೀಜಿಂಗ್, ಒಂದು ವಾರ. ಹತ್ತು ಜನ ಸೇರಿದರೆ ಗುಂಪು ಕರೆದುಕೊಂಡು ಹೋಗುವವನು ನಾನು. ಒಂಬತ್ತಾದರೂ ಟೂರ್ ಇಲ್ಲ. ಹದಿನೈದನೇ ತಾರೀಕು ಕೊನೆ.

ಬಹರೈನಿನ ನಮ್ಮವರು ವಿಮಾನ ಹತ್ತುವುದು ಊರಿಗೆ. ಮೆಕ್ಕಾಕ್ಕೆ, ಉಮ್ರಾ ಯಾತ್ರೆಗೆ, ಬಸ್ ಉಂಟು. ಸುಮ್ಮನೆ ನೋಡಿಬರಲಿಕ್ಕೆ ಎಂದು ಎಲ್ಲಿಗಾದರೂ ಹೋಗುವ ಪದ್ಧತಿಯೇ ಇಲ್ಲ. ಅದು ಒಂದು ಕಾರಣ.

ಎರಡನೆಯ ಕಾರಣ ನಾನು. ಹೋದ ವರ್ಷ ಏಪ್ರಿಲ್ ಒಂದಕ್ಕೆ ಗುದೈಬಿಯಾದ ನಮ್ಮವರ ಹೋಟೆಲುಗಳಲ್ಲೆಲ್ಲ ನೋಟೀಸು ಅಂಟಿಸಿದ್ದೆ — "ಮನಾಮ–ಮಂಗಳೂರು ನೇರ ಹಡಗು. ಲಗೇಜಿಗೆ ಮಿತಿ ಇಲ್ಲ." ಕಂಪ್ಯೂಟರಿನಲ್ಲಿ ಹಡಗಿನ ಫೋಟೋಕ್ಕೆ ಕನ್ನಡದಲ್ಲಿ ಹೆಸರನ್ನೂ ಬರೆದಿದ್ದೆ. ನಲವತ್ತೊಂದು ಫೋನ್ ಬಂತು. ಎಲ್ಲ ಆ ಎರಡನೇ ಸಾಲಿನ ಮಹಿಮೆ.

ಈಗ ನಾನು "ಚೀನಾ" ಎಂದರೆ ಜನ ಕ್ಯಾಲೆಂಡರ್ ನೋಡುತ್ತಾರೆ.

ಸೆಪ್ಟೆಂಬರ್ 6, ಶುಕ್ರವಾರ, ಸಂಜೆ

ಬಾಗಿಲು ತಳ್ಳಿಕೊಂಡು ಬಂದವರು ಹುಸೈನಾಕ. ಕುರ್ಚಿಯ ಕೆಳಗೆ ಅಡಗಿಕೊಳ್ಳೋಣ ಎನಿಸಿತು.

ಪೂರ್ತಿ ಹೆಸರು ಹುಸೈನಬ್ಬ. ವಿಟ್ಲದ ಕಡೆಯವರು. ಇಪ್ಪತ್ತೆಂಟು ವರ್ಷದಿಂದ ಇಲ್ಲಿ ಗೋಡೆ ಕಟ್ಟುವ ಮೇಸ್ತ್ರಿ, ಸಲ್ಮಾಬಾದಿನ ಕಂಪೆನಿ ಕ್ಯಾಂಪಿನಲ್ಲಿ ವಾಸ. ಆ ನಲವತ್ತೊಂದು ಜನ ಬರೀ ಫೋನ್ ಮಾಡಿದರು. ಇವರು ಎರಡು ಪೆಟ್ಟಿಗೆ, ಒಂದು ಹೊಸ ಕುಕ್ಕರ್ ಹೊತ್ತುಕೊಂಡು ಬಂದರಿನ ಗೇಟಿಗೇ ಹೋಗಿ ಹಡಗು ಯಾವ ಕಡೆ ಎಂದು ವಾಚ್‌ಮನ್ನನ್ನು ಕೇಳಿದರಂತೆ. ನನಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ, ಬೇರೆಯವರ ಬಾಯಿಂದ. ಅಂದಿನಿಂದ ಅವರನ್ನು ಕಂಡರೆ ರಸ್ತೆ ದಾಟುತ್ತಿದ್ದೆ.

"ಆ ಗೋಡೆ ತೋರಿಸ್ತೀಯಾ?" ಎಂದು ಕೇಳಿದರು.

ತೋರಿಸುತ್ತೇನೆ ಎಂದೆ.

"ದೂರದಿಂದಲಾ? ಮುಟ್ಲಿಕ್ಕೆ ಬಿಡ್ತಾರಾ?"

ಮುಟ್ಟಬಹುದು, ಮೇಲೆ ನಡೆಯಲೂಬಹುದು ಎಂದೆ.

"ಹಾಗಾದ್ರೆ ಬರಿ."

ಬರೆದೆ. ಒಂದು. ಆಮೇಲೆ ಹಡಗಿನ ಮಾತನ್ನು ನಾನೇ ಎತ್ತಿದೆ. ತಪ್ಪಾಯಿತು ಎನ್ನಲು ಹೊರಟವನು ಅರ್ಧದಲ್ಲೇ ನಿಂತೆ.

"ಅದು ಬಿಡು ಮೋನೆ. ಆ ಕುಕ್ಕರ್‌ನಲ್ಲಿ ಈಗ ರೂಮಿನವರೆಲ್ಲ ಅನ್ನ ಮಾಡ್ತೇವೆ."

ಬೈದಿದ್ದರೆ ಚೆನ್ನಾಗಿತ್ತು.

ಹೋಗುವಾಗ ಬಾಗಿಲಲ್ಲಿ ನಿಂತು, ಹಣ ಉಂಟು, ಪಾಸ್‌ಪೋರ್ಟ್ ಇಲ್ಲ, ಕಂಪೆನಿಯ ಸೇಫಿನಲ್ಲಿ ಉಂಟು ಎಂದರು. ಕೊಡೆ ಮರೆತು ಬಂದೆ ಎನ್ನುವ ಹಾಗೆ.

ಪ್ರತಿಜ್ಞೆ: ಈ ಮನುಷ್ಯನಿಗೆ ಎರಡನೇ ಸಲ ಮೋಸ ಆಗಬಾರದು. ಸಾಕ್ಷಿ — ನಾನು, ಸ್ಟೇಪ್ಲರ್.

ಸೆಪ್ಟೆಂಬರ್ 8, ಭಾನುವಾರ

ಸಲ್ಮಾಬಾದ್. ಕಂಪೆನಿಯ ಕ್ಲರ್ಕ್ ಎರಿಕ್ ಶಿರ್ವದವನು. ಕೆಟ್ಟವನಲ್ಲ, ಫೈಲಿನವನು. ಪಾಸ್‌ಪೋರ್ಟ್ ಹೊರಗೆ ಬರುವುದು ಊರಿನ ರಜೆಗೆ, ಹಜ್‌ಗೆ, ಸಾವಿಗೆ. ಫಾರ್ಮ್ ತಿರುಗಿಸಿ ತೋರಿಸಿದ.

"ಗೋಡೆ ಅಂತ ಕಾಲಮ್ಮೇ ಇಲ್ಲ ಮಾರಾಯ."

ಹೊರಗೆ ಬಂದು ಜೊತೆಗಿದ್ದ ಹುಸೈನಾಕನಿಗೆ ನನ್ನ ವೃತ್ತಿಪರ ಸಲಹೆ ಕೊಟ್ಟೆ: ತಾಯಿಗೆ ಸೀರಿಯಸ್ ಎಂದು ಬರೆಯೋಣ, ಆಸ್ಪತ್ರೆಯ ಚೀಟಿ ನಾನು ತಯಾರು ಮಾಡುತ್ತೇನೆ, ಸೀಲ್ ಸಮೇತ.

ಹುಸೈನಾಕ ನೆರಳಿಗೆ ಸರಿದು ನಿಂತರು. "ಅವರು ತೀರಿ ಒಂಬತ್ತು ವರ್ಷ ಆಯ್ತು. ಪುನಃ ಕಾಯಿಲೆ ಬೀಳಿಸ್ಬೇಡ."

ಸುಳ್ಳು ಹೇಳಿ ನೋಡುವ ಗೋಡೆ ತನಗೆ ಬೇಡ, ಇದ್ದದ್ದನ್ನೇ ಬರೆ ಎಂದರು. ಇದ್ದದ್ದನ್ನು ಬರೆದು ನನಗೆ ಅಭ್ಯಾಸ ಇಲ್ಲ.

ಸೆಪ್ಟೆಂಬರ್ 9, ಸೋಮವಾರ

ಅರ್ಜಿ ಸಿದ್ಧ. ಇಂಗ್ಲಿಷಿನಲ್ಲಿ, ಎರಡು ಪುಟ. ಇಪ್ಪತ್ತೆಂಟು ವರ್ಷ ಈ ದ್ವೀಪದಲ್ಲಿ ಗೋಡೆ ಕಟ್ಟಿದವನಿಗೆ ಲೋಕದ ಅತಿ ದೊಡ್ಡ ಗೋಡೆಯನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡುವ ಆಸೆ. ಕಾರಣ ಇಷ್ಟೇ. "ವೃತ್ತಿಯ ಹಿರಿಯರಿಗೆ ಸಲ್ಲಿಸುವ ಭೇಟಿ" ಎಂದು ತಮಾಷೆಗೆ ಸೇರಿಸಿದ್ದೆ. ಓದಿ ಅರ್ಥ ಹೇಳಿದಾಗ ಹುಸೈನಾಕ ಆ ಸಾಲನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಇರಲಿ ಎಂದರು. ಸಹಿ ಹಾಕಿದರು.

ತೆಗೆಯಲಿಲ್ಲ. ಈಗ ಅದು ತಮಾಷೆಯ ಹಾಗೆ ಕಾಣುತ್ತಿಲ್ಲ.

ಸೆಪ್ಟೆಂಬರ್ 12, ಗುರುವಾರ

ಸಿಕ್ಕಿತು!

ಎರಿಕ್ ಅರ್ಜಿಯನ್ನು ಮ್ಯಾನೇಜರ್ ಮುಂದೆ ಇಟ್ಟನಂತೆ. ಅವರು ಓದಿ ನಕ್ಕು, ಮೇಸ್ತ್ರಿಯನ್ನು ಕರೆಸಿ, ಇಷ್ಟು ವರ್ಷದಲ್ಲಿ ಎಷ್ಟು ಗೋಡೆ ಕಟ್ಟಿದ್ದೀಯ ಎಂದು ಕೇಳಿದರಂತೆ. ಲೆಕ್ಕ ಇಟ್ಟಿಲ್ಲ, ಬಿದ್ದದ್ದು ಒಂದೂ ಇಲ್ಲ ಎಂದರಂತೆ ಹುಸೈನಾಕ. ಆಮೇಲೆ ಮ್ಯಾನೇಜರ್ ನಗಲಿಲ್ಲ, ಸಹಿ ಹಾಕಿದರು ಎಂದು ಎರಿಕ್ ಫೋನಿನಲ್ಲಿ ಹೇಳಿದ. ಷರತ್ತು: ಹಿಂದೆ ಬಂದ ಮೇಲೆ ಭಾನುವಾರದೊಳಗೆ ಪಾಸ್‌ಪೋರ್ಟ್ ಮರಳಿ ಸೇಫಿಗೆ. ಹುಸೈನಾಕ ಅದಕ್ಕೂ ಸಹಿ ಹಾಕಿದ್ದಾರೆ.

ಸೆಪ್ಟೆಂಬರ್ 15, ಭಾನುವಾರ, ಸಂಜೆ ಐದೂವರೆ

ಹತ್ತು!

ನನ್ನ ಮಾತಿನಿಂದ ಅಲ್ಲ. "ಹುಸೈನಬ್ಬನ ಕಂಪೆನಿ ಪಾಸ್‌ಪೋರ್ಟ್ ಬಿಟ್ಟಿದೆಯಂತೆ" ಎಂಬ ಸುದ್ದಿ ಗುದೈಬಿಯಾಕ್ಕೆ ಮುಟ್ಟಿತು, ಅಷ್ಟೇ. ಸುಹೈಬ್ ಎಂತಹ ಕಿತಾಪತಿ ಮಾಡಿದರೂ ಕಂಪೆನಿಯ ಸೇಫ್ ತೆರೆಸಲಾರ ಎಂದು ಎಲ್ಲರಿಗೂ ಗೊತ್ತು. ಆದ್ದರಿಂದ ಚೀನಾ ನಿಜ.

ಎರಡನೇ ಹೆಸರು ನನ್ನ ತಾಯಿ, ಉಮ್ಮ ಸುಬೈದಾ ಅವರದು. ಬರುವುದು ಚೀನಾ ನೋಡಲಿಕ್ಕಲ್ಲವಂತೆ, ಹುಸೈನಾಕನನ್ನು ನನ್ನಿಂದ ಕಾಯಲಿಕ್ಕಂತೆ. ಬಾಪ ತಮ್ಮ ಕೋಲ್ಡ್ ಸ್ಟೋರ್, ಅಂದರೆ ಕಿರಾಣಿ ಅಂಗಡಿ, ಬಿಟ್ಟು ಬರುವವರಲ್ಲ. ಆಮೇಲೆ ಮೇಲಿನ ಫ್ಲ್ಯಾಟಿನ ಕ್ಲೆಮೆಂಟ್ ಅಂಕಲ್, ಕ್ಲೊಟಿಲ್ಡಾ ಆಂಟಿ, ಆಂಟಿಯ ಆಸ್ಪತ್ರೆಯ ನಾಲ್ವರು ನರ್ಸ್‌ಗಳು, ಮೊಬೈಲ್ ಅಂಗಡಿಯ ಫೈಝಲ್, ಅವನ ಹೆಂಡತಿ ಶಹಲಾ. ಕ್ಲೆಮೆಂಟ್ ಅಂಕಲ್ ಹೆಸರಿನ ಜೊತೆ ಷರಾ ಬರೆಸಿದರು — ವಿಮಾನ ಬೀಜಿಂಗ್‌ನಲ್ಲಿ ಇಳಿಯದಿದ್ದರೆ ಸುಹೈಬನನ್ನು ಎಲ್ಲಿ ಇಳಿದೀತೋ ಅಲ್ಲೇ ಬಿಟ್ಟುಬರತಕ್ಕದ್ದು. ಸರ್ವಾನುಮತದ ಅಂಗೀಕಾರ.

ಅಕ್ಟೋಬರ್ 16, ಬುಧವಾರ, ಏರ್‌ಪೋರ್ಟ್

ಇಷ್ಟು ದಿನ ಬರೆಯಲಿಲ್ಲ. ವೀಸಾ, ಫೋಟೋ, ಮತ್ತೆ ಫೋಟೋ. ನಿನ್ನೆ ಹಬ್ಬ.

ಈಗ ಚೆಕ್-ಇನ್ ಮುಂದೆ ಮಹಾ ವಿಪತ್ತು. ಹತ್ತು ಜನರಿಗೆ ಹತ್ತೊಂಬತ್ತು ಪೆಟ್ಟಿಗೆ. ಎಲ್ಲವಕ್ಕೂ ಹಗ್ಗ ಬಿಗಿದು, ನಾಲ್ಕು ಮಗ್ಗುಲಿಗೂ ಮಾರ್ಕರಿನಲ್ಲಿ ಹೆಸರು ಬರೆದಿದ್ದಾರೆ. ತೆರೆಸಿ ನೋಡಿದೆ: ಟ್ಯಾಂಗ್ ಡಬ್ಬಿ, ಹಾಲಿನ ಪುಡಿ, ನೋವಿನ ಎಣ್ಣೆ, ಖರ್ಜೂರ, ಸೋಪು. ಉಮ್ಮನ ಪೆಟ್ಟಿಗೆಯಲ್ಲಿ ಹುಲಿಯ ಚಿತ್ರದ ಕಂಬಳಿ. ಇದನ್ನೆಲ್ಲ ಚೀನಾದಲ್ಲಿ ಯಾರಿಗೆ ಕೊಡುವುದು ಎಂದು ಕೇಳಿದೆ.

"ವಿಮಾನ ಹತ್ತಿ ಹೋಗುವವರು ಬರಿಗೈಯಲ್ಲಿ ಹೋಗ್ತಾರಾ? ಅಲ್ಲಿ ಮನುಷ್ಯರು ಇಲ್ವಾ?" ಎಂದರು ಉಮ್ಮ.

ಕಂಬಳಿಯ ಮೂಲೆಯ ಚೀಟಿ ತೋರಿಸಿದೆ. ಮೇಡ್ ಇನ್ ಚೈನಾ. ಹಾಗಾದರೆ ಅವರಿಗೆ ಇಷ್ಟ ಆಗುತ್ತದೆ ಎಂದರು.

ಅಕ್ಟೋಬರ್ 17, ಗುರುವಾರ, ಬೀಜಿಂಗ್, ಸಂಜೆ

ಇಳಿದದ್ದು ಬೀಜಿಂಗೇ. ಕ್ಲೆಮೆಂಟ್ ಅಂಕಲ್ ಬೋರ್ಡು ಓದಿ, ಇಬ್ಬರು ಪೊಲೀಸರನ್ನು ಕೇಳಿ ಖಚಿತ ಮಾಡಿಕೊಂಡರು.

ಹೋಟೆಲಿನಲ್ಲಿ ವಿಚಿತ್ರ ನಡೆಯಿತು. ಕೌಂಟರಿನವಳು ಪಾಸ್‌ಪೋರ್ಟ್ ನೋಡಿ, ಬರೆದುಕೊಂಡು, ಎಲ್ಲರಿಗೂ ಹಿಂದಿರುಗಿಸಿದಳು. ಲಿಫ್ಟಿನ ಹತ್ತಿರ ಹುಸೈನಾಕ ತಮ್ಮದನ್ನು ನನ್ನ ಕೈಗೆ ಕೊಟ್ಟರು. ಅವರ ಹಿಂದೆ ಫೈಝಲ್. ಆಮೇಲೆ ನರ್ಸ್‌ಗಳು. ಕ್ಲೆಮೆಂಟ್ ಅಂಕಲ್ ಕೂಡ! ವಿಮಾನ ಬದಲಿಸಿದ ದುಬೈಯಲ್ಲೇ ನನ್ನನ್ನು ಬಿಟ್ಟುಬರಲು ಸಿದ್ಧರಿದ್ದ ಮನುಷ್ಯ. ಎಲ್ಲಿಗಾದರೂ ಮುಟ್ಟಿದ ಕೂಡಲೇ ಪಾಸ್‌ಪೋರ್ಟನ್ನು ಯಾರಿಗಾದರೂ ಒಪ್ಪಿಸಬೇಕು, ಅಷ್ಟೇ.

"ನೀನು ಆಫೀಸಿನವನಲ್ವಾ. ನಿನ್ನ ಹತ್ತಿರ ಭದ್ರ" ಎಂದರು ಹುಸೈನಾಕ.

ನಿನ್ನೆ ಯಾರೂ ನಂಬದವನು ಇಂದು ಹತ್ತು ಜನರ ಕಫೀಲ, ನೌಕರರ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಧಣಿ. ತಲೆದಿಂಬಿನ ಕೆಳಗೆ ಇಟ್ಟಿದ್ದೇನೆ. ಕುತ್ತಿಗೆ ನೋವು.

ಅಕ್ಟೋಬರ್ 18, ಶುಕ್ರವಾರ

ಬೆಳಿಗ್ಗೆ ಸ್ವರ್ಗ ದೇವಾಲಯ. ರಾಜ ಬಂದು ಬೆಳೆಗಾಗಿ ಪ್ರಾರ್ಥಿಸುತ್ತಿದ್ದ ಜಾಗವಂತೆ. ದುಂಡು ಮಂಟಪ, ಮೂರಂತಸ್ತಿನ ನೀಲಿ ಹಂಚು. ಮರದ ಕೆಲಸಕ್ಕೆ ಮೊಳೆ ಹೊಡೆದಿಲ್ಲ ಎಂದಳು ಗೈಡ್ ಹುಡುಗಿ. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ಹುಸೈನಾಕ ಅಂಗಳಕ್ಕೆ ಹಾಸಿದ ಬಿಳಿ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ಸಂದಿನಲ್ಲಿ ಉಗುರು ಇಳಿಯುತ್ತದೋ ಎಂದು ನೋಡುತ್ತಿದ್ದರು. ಇಳಿಯಲಿಲ್ಲ. ಇಡೀ ದಿನ ಖುಷಿಯಲ್ಲಿದ್ದರು.

ಜುಮಾ ನಮಾಜಿಗೆ ಹಳೆಯ ಮಸೀದಿಗೆ ಹೋದೆವು. ಹೊರಗಿನಿಂದ ನೋಡಿದರೆ ಬೆಳಿಗ್ಗೆ ನೋಡಿದ ದೇವಾಲಯದ ತಮ್ಮನ ಹಾಗಿದೆ. ಅದೇ ಬಾಗಿದ ಮಾಡು. ಒಳಗೆ ಮಾತ್ರ ಸಾಲು, ಮೆಕ್ಕಾದ ದಿಕ್ಕಿನ ಕಿಬ್ಲಾ, ಎಲ್ಲ ನಮ್ಮದೇ. ನನ್ನ ಪಕ್ಕದ ಮುದುಕ ಸಲಾಂ ಹೇಳಿ ಕೈ ಕೊಟ್ಟ. ಅವನು ಯಾವ ಊರು ಎಂದು ಕೇಳಿದನೋ ಏನೋ, ನಾನು ಕಲ್ಲಡ್ಕ ಎಂದೆ. ತಲೆದೂಗಿದ.

ಅಕ್ಟೋಬರ್ 19, ಶನಿವಾರ

ಗೋಡೆ.

ಇದನ್ನು ಸರಿಯಾಗಿ ಬರೆಯಬೇಕು.

ಮುತಿಯಾನ್ಯು ಎಂಬಲ್ಲಿ ಕೇಬಲ್ ಕಾರಿನಲ್ಲಿ ಮೇಲೆ ಹೋದೆವು. ಗುಡ್ಡಗಳೆಲ್ಲ ಕೆಂಪು, ಹಳದಿ. ಅವುಗಳ ಬೆನ್ನಿನ ಮೇಲೆ ಅದು ಹತ್ತಿ, ಇಳಿದು, ಮರೆಯಾಗಿ, ಇನ್ನೊಂದು ಗುಡ್ಡದಲ್ಲಿ ಮತ್ತೆ ಕಾಣುತ್ತದೆ. ಕ್ಲೊಟಿಲ್ಡಾ ಆಂಟಿ ಶಿಲುಬೆಯ ಗುರುತು ಹಾಕಿಕೊಂಡರು. ಉಮ್ಮ ಮಾಷಾ ಅಲ್ಲಾಹ್ ಎಂದರು. ಕ್ಲೆಮೆಂಟ್ ಅಂಕಲ್ "ನಿಜವಾಗ್ಲೂ ಉಂಟಲ್ಲ ಮಾರಾಯ" ಎಂದರು, ಸ್ವಲ್ಪ ಬೇಸರದಲ್ಲಿ.

ಹುಸೈನಾಕ ಗುಡ್ಡ ನೋಡಲಿಲ್ಲ. ಎರಡೂ ಅಂಗೈಗಳನ್ನು ಇಟ್ಟಿಗೆಯ ಮೇಲಿಟ್ಟು ನಿಂತರು. ಆಮೇಲೆ ಜೇಬಿನಿಂದ ದಾರ ತೆಗೆದರು, ತುದಿಯಲ್ಲಿ ತೂಗುಗುಂಡು. ವಿಟ್ಲದಿಂದ ಬಹರೈನಿಗೆ, ಅಲ್ಲಿಂದ ಇಲ್ಲಿಗೆ ಬಂದ ಗುಂಡು. ಗೋಡೆಯ ಬದಿಗೆ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದರು. ಗಾರ್ಡ್ ಹತ್ತಿರ ಬಂದ. ನಾನು ಅಡ್ಡ ನಿಂತು ಬಹಳ ಗಂಭೀರವಾಗಿ, ಬಹರೈನ್ ಸರಕಾರದ ತಪಾಸಣೆ ಎಂದು ಕನ್ನಡದಲ್ಲಿ ಹೇಳಿದೆ. ಅವನು ಹಿಂದೆ ಸರಿದು ನಿಂತು ಕಾದ.

"ಒಳಕ್ಕೆ ವಾಲಿಸಿದ್ದಾರೆ," ಎಂದರು ಹುಸೈನಾಕ. "ಬೇಕೂಂತಲೇ. ಅದಕ್ಕೇ ನಿಂತದ್ದು."

ಸುಣ್ಣಕ್ಕೆ ಅಂಟಕ್ಕಿಯ ಗಂಜಿ ಬೆರೆಸುತ್ತಿದ್ದರು ಎಂದಳು ಗೈಡ್. ಹುಸೈನಾಕನಿಗೆ ಅರ್ಥ ಹೇಳಿದೆ. ನಮ್ಮಲ್ಲಿ ಬೆಲ್ಲದ ನೀರು, ತನ್ನ ಅಜ್ಜ ಹಾಕುತ್ತಿದ್ದರು ಎಂದರು ಅವರು. ಹೀಗೆ ಇಬ್ಬರೂ ಗಾರೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರು, ನಡುವೆ ನಾನು. ಕಟ್ಟಿದವರ ಹೆಸರು ಎಲ್ಲಾದರೂ ಬರೆದಿದೆಯಾ ಎಂದು ಹುಸೈನಾಕ ಕೇಳಿದರು. ಕೆಲವು ಇಟ್ಟಿಗೆಗಳ ಮೇಲೆ ಮುದ್ರೆ ಇದೆ, ಹೆಚ್ಚಿನವರದು ಇಲ್ಲ ಎಂದಳು.

"ಪಾಪ. ಅವರಿಗೆ ರಜೆ ಎಷ್ಟು ವರ್ಷಕ್ಕೊಮ್ಮೆ ಇತ್ತೋ."

ಮುಂದಿನದು ನನ್ನ ಕಿತಾಪತಿ. ಪಾಸ್‌ಪೋರ್ಟಿನ ಚೀಲ ಹೊತ್ತು ಬೆನ್ನು ಬೆವೆತಿತ್ತು, ಎರಡು ರಾತ್ರಿ ನಿದ್ದೆ ಇಲ್ಲ. ಕಾವಲುಗೋಪುರದ ಮೆಟ್ಟಿಲ ಮೇಲೆ ನಿಂತು ಶಾಲೆಯ ಬಹುಮಾನ ವಿತರಣೆಯಂತೆ ಘೋಷಿಸಿದೆ: ಮಾನ್ಯರೇ, ಇದೀಗ ಕಫೀಲರು ತಮ್ಮ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದಾರೆ. ಒಬ್ಬೊಬ್ಬರ ಹೆಸರು ಕರೆದೆ. ಕ್ಲೆಮೆಂಟ್ ಅಂಕಲ್ ಸೆಲ್ಯೂಟ್ ಹೊಡೆದು ತೆಗೆದುಕೊಂಡರು. ಶಹಲಾ ನನ್ನ ಕೈಯಿಂದ ಕಿತ್ತುಕೊಂಡಳು. ಎಲ್ಲ ನಗು.

ಕೊನೆಯ ಹೆಸರು ಹುಸೈನಬ್ಬ. ಅವರು ಟೊಪ್ಪಿ ಸರಿಮಾಡಿಕೊಂಡು ಬಂದರು. ಎರಡೂ ಕೈಯಲ್ಲಿ ತೆಗೆದುಕೊಂಡರು. ಅಲ್ಲೇ ತೆರೆದರು. ಫೋಟೋದಲ್ಲಿ ಗಡ್ಡ ಕಪ್ಪು. ಒಂದೊಂದೇ ಹಾಳೆ ತಿರುವಿದರು. ಮಂಗಳೂರು, ಬಹರೈನ್, ಮಂಗಳೂರು, ಬಹರೈನ್. ಆಮೇಲೆ ಚೀನಾದ ಮುದ್ರೆ. ಆಮೇಲೆ ಖಾಲಿ.

"ಇಷ್ಟು ಹಾಳೆ ಉಂಟಾ ಇದರಲ್ಲಿ?"

ಇಪ್ಪತ್ತೆಂಟು ವರ್ಷದಲ್ಲಿ ಪಾಸ್‌ಪೋರ್ಟ್ ಅವರ ಕೈಯಲ್ಲಿದ್ದದ್ದು ಆಫೀಸಿನಿಂದ ಏರ್‌ಪೋರ್ಟಿಗೆ, ಏರ್‌ಪೋರ್ಟಿನಿಂದ ಆಫೀಸಿಗೆ. ಕೂತು ಓದಲು ಪುರುಸೊತ್ತೇ ಆಗಿರಲಿಲ್ಲವಂತೆ. ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. ಕ್ಲೆಮೆಂಟ್ ಅಂಕಲ್ ಚಪ್ಪಾಳೆ ಶುರು ಮಾಡಿದರು. ಗಾರ್ಡ್ ಕೂಡ ತಟ್ಟಿದ.

ನನ್ನ ಜೀವಮಾನದ ಎಲ್ಲ ಕಿತಾಪತಿಗಳಲ್ಲಿ ಇದು ಒಂದನೇ ನಂಬರ್.

ಅಕ್ಟೋಬರ್ 21, ಸೋಮವಾರ

ಪಶ್ಚಿಮದ ಗುಡ್ಡಗಳ ನಡುವೆ ಒಂದು ಕಲ್ಲಿನ ಹಳ್ಳಿ. ನೂರಾರು ವರ್ಷ ಹಳೆಯ ಮನೆಗಳು, ಬೂದು ಹಂಚು, ಮೆಟ್ಟಿಲು ಮೆಟ್ಟಿಲಾಗಿ ಗುಡ್ಡ ಹತ್ತಿವೆ. ಒಂದು ಗಂಟೆ ನೋಡಿ ಹೊರಡುವುದು ಎಂದು ಪಟ್ಟಿಯಲ್ಲಿತ್ತು. ಹೊರಟದ್ದು ಮೂರೂವರೆ ಗಂಟೆ ಮೇಲೆ.

ದಾರಿಬದಿಯಲ್ಲಿ ಒಬ್ಬ ಮುದುಕ ಕುಸಿದ ಕಟ್ಟೆಗೆ ಕಲ್ಲು ಕೂರಿಸುತ್ತಿದ್ದ. ಹುಸೈನಾಕ ನಿಂತರು. ನಾವು ಮುಂದೆ ಹೋಗಿ, ದೇವರ ಗುಡಿ ನೋಡಿ, ಹಿಂದೆ ಬಂದರೆ ಅಲ್ಲೇ ಇದ್ದಾರೆ. ಮುದುಕ ಒಂದು ಕಲ್ಲು ಇಡಲು ಹೋದ. ಹುಸೈನಾಕ ಗಂಟಲು ಸರಿಮಾಡಿ ಇನ್ನೊಂದನ್ನು ತೋರಿಸಿದರು. ಮುದುಕ ಅದನ್ನು ಇಟ್ಟು ನೋಡಿದ. ಕೂತಿತು. ಕರಣೆಯನ್ನು ಇವರ ಕಡೆ ಚಾಚಿದ.

ಆಮೇಲೆ ನಮ್ಮನ್ನು ಇಬ್ಬರೂ ಮರೆತರು. ಒಬ್ಬ ಕಲ್ಲು ಆರಿಸುವುದು, ಇನ್ನೊಬ್ಬ ಕೂರಿಸುವುದು, ಆಮೇಲೆ ಅದಲುಬದಲು. ಒಮ್ಮೆ ಜಗಳವೂ ಆಯಿತು: ಇವರು ಬ್ಯಾರಿಯಲ್ಲಿ, ಅವನು ಚೀನಿಯಲ್ಲಿ, ಒಂದು ಮೂಲೆಗಲ್ಲಿನ ಬಗ್ಗೆ. ದುಭಾಷಿಯಾಗಿ ಮಧ್ಯೆ ಹೋದೆ. ಇಬ್ಬರೂ ಕೈಬೀಸಿ ನನ್ನನ್ನು ಓಡಿಸಿದರು. ಮುದುಕನೇ ಗೆದ್ದ. ಅವನು ಸರಿ, ಇಲ್ಲಿ ಚಳಿಗೆ ಮಣ್ಣು ಉಬ್ಬುತ್ತದೆ, ನಮ್ಮ ಕಡೆ ಹಾಗಿಲ್ಲ ಎಂದು ಬಸ್ಸಿನಲ್ಲಿ ಹುಸೈನಾಕ ಒಪ್ಪಿಕೊಂಡರು.

ಬಸ್ಸಿನಲ್ಲಿ ತಂದಿದ್ದ ಉಮ್ಮನ ಪೆಟ್ಟಿಗೆ ಕೊನೆಗೂ ತೆರೆಯಿತು. ಮುದುಕನ ಹೆಂಡತಿಗೆ ಟ್ಯಾಂಗ್, ನೋವಿನ ಎಣ್ಣೆ, ಕಂಬಳಿ. ಆಕೆ ಮೂಲೆಯ ಚೀಟಿ ಓದಿ, ಗಂಡನಿಗೂ ತೋರಿಸಿ, ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಉಮ್ಮ ನನ್ನ ಕಡೆ ನೋಡಿದರು. ಇಷ್ಟ ಆಯಿತು, ನೋಡು ಎನ್ನುವ ಹಾಗೆ. ಎರಡು ಕೈ ತುಂಬ ಅಕ್ರೋಟು ಸಿಕ್ಕಿತು.

ಬಸ್ಸು ತಿರುವಿನಲ್ಲಿ ತಿರುಗುವಾಗ ಹುಸೈನಾಕ ಕಿಟಕಿಯಿಂದ ತೋರಿಸಿದರು.

"ಚೀನಾದಲ್ಲಿ ನಂದೂ ಒಂದು ಮಾರು ಉಂಟು ಈಗ."

ಅಕ್ಟೋಬರ್ 25, ಶುಕ್ರವಾರ, ಬಹರೈನ್

ಮೊನ್ನೆ ಬಂದೆವು. ಹತ್ತು ಹೋದವರು ಹತ್ತೂ ಬಂದರು. ಮಸೂದ್ ಭಾಯ್ ನನ್ನ ಕೈ ಕುಲುಕಿದರು. ಅದು ಅವರ ಭಾಷಣ.

ಸಲ್ಮಾಬಾದಿನಿಂದ ಕೆಟ್ಟ ಸುದ್ದಿ. ಹುಸೈನಾಕನ ರೂಮಿನವರು ನಂಬುತ್ತಿಲ್ಲವಂತೆ! ಸುಹೈಬನ ಜೊತೆ ಹೋದದ್ದಲ್ವಾ, ದುಬೈಯಲ್ಲಿ ಯಾವುದೋ ಗೋಡೆ ತೋರಿಸಿ ಕರೆದುಕೊಂಡು ಬಂದಿದ್ದಾನೆ ಎನ್ನುತ್ತಾರಂತೆ. ಫೋಟೋ ತೋರಿಸಿದರೆ, ಆ ಹಡಗಿಗೂ ಫೋಟೋ ಇತ್ತಲ್ಲ ಎನ್ನುತ್ತಾರಂತೆ.

ಅವರು ಮುಟ್ಟಿ ಬಂದ ಗೋಡೆಯನ್ನು ನನ್ನ ಹೆಸರು ಕೆಡವುತ್ತಿದೆ. ಸಾಕ್ಷಿ ಹೇಳಲು ಹೋಗೋಣ ಎಂದರೆ ಸಾಕ್ಷಿಯೇ ನಾನು.

ಸಂಜೆ ಹುಸೈನಾಕನದೇ ಫೋನ್. ಬೇಸರ ಇಲ್ಲ. ಪಾಸ್‌ಪೋರ್ಟ್ ತೆರೆದು ಚೀನಾದ ಮುದ್ರೆ ತೋರಿಸುತ್ತಿದ್ದಾರಂತೆ, ಅದನ್ನು ಎಲ್ಲರೂ ಒಪ್ಪುತ್ತಾರಂತೆ. ಕ್ಯಾಂಪಿನ ಮೊದಲನೇ ಮಹಡಿಯವರಿಗೆಲ್ಲ ತೋರಿಸಿ ಮುಗಿಯಿತಂತೆ.

ಅಕ್ಟೋಬರ್ 27, ಭಾನುವಾರ, ಸಂಜೆ ಆರು, ಸಲ್ಮಾಬಾದ್ ಕ್ಯಾಂಪ್

ಹುಸೈನಾಕನ ರೂಮಿನ ಮೇಲಿನ ಮಂಚದಲ್ಲಿ ಕುಳಿತು ಬರೆಯುತ್ತಿದ್ದೇನೆ. ಕೆಳಗೆ ಜಾಗವಿಲ್ಲ. ಬಾಗಿಲ ಹೊರಗೂ ಜನ.

ಇಂದು ಕೊನೆಯ ದಿನ. ಪಾಸ್‌ಪೋರ್ಟ್ ಬರಲಿಲ್ಲವೆಂದು ಎರಿಕ್ ರಿಜಿಸ್ಟರ್ ಹಿಡಿದು ತಾನೇ ಬಂದ. ಹುಸೈನಾಕ ಕೊಟ್ಟರು. ಅವನು ಮುಚ್ಚಿ ಚೀಲಕ್ಕೆ ಹಾಕುವವನಿದ್ದ. ತೆರೆದು ನೋಡು ಎಂದರು. ತೆರೆದ. ಮುದ್ರೆಯ ಹಾಳೆಯವರೆಗೆ ಒಂದೊಂದೇ ತಿರುವಿದ. ಈ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ, ಮುನ್ನೂರು ಪಾಸ್‌ಪೋರ್ಟ್ ತನ್ನ ಸೇಫಿನಲ್ಲಿವೆ, ನಂಬರ್ ಬಿಟ್ಟು ಒಂದನ್ನೂ ಓದಿಲ್ಲ ಎಂದ.

ಹುಸೈನಾಕ ಕೈ ಚಾಚಿದರು. "ನನ್ನ ಹತ್ತಿರ ಇರ್ಲಿ ಎರಿಕ್. ಕೇಳಿದಾಗ ತೋರಿಸ್ತೇನೆ."

ಸಹಿ ಹಾಕಿದ್ದೀರಲ್ಲ ಎಂದ ಎರಿಕ್. ಹಾಕಿದ್ದೇನೆ, ನಿನ್ನ ಕೈಗೆ ಕೊಟ್ಟೂ ಆಯಿತು, ಈಗ ಪುನಃ ಕೇಳುತ್ತಿದ್ದೇನೆ ಎಂದರು. ದನಿ ಏರಿಸಲಿಲ್ಲ. ರಸಮಟ್ಟ ಇಟ್ಟು ಸಮ ನೋಡಿದಂಥ ದನಿ.

ಎರಿಕ್ ಫೋನ್ ತೆಗೆದು ಹೊರಗೆ ಹೋದ. ಹತ್ತು ನಿಮಿಷ. ಬಂದು ಪಾಸ್‌ಪೋರ್ಟನ್ನು ಅವರ ಕೈಯಲ್ಲಿಟ್ಟ. ಗೋಡೆಯವನಿಗೆ ಕೊಡು, ಅರ್ಜಿ ಬರೆಸಿಕೋ ಎಂದರಂತೆ ಮ್ಯಾನೇಜರ್.

ಬರೆದೆ. ಹುಸೈನಾಕ ಸಹಿ ಹಾಕಿ, ಜೇಬಿಗೆ ಹಾಕಿ, ಚಹಾ ತರಲು ಎದ್ದರು. ಆಗ ಮೂಲೆಯಿಂದ ಇಬ್ರಾಹಿಂ — ಕಬ್ಬಿಣ ಕಟ್ಟುವವನು, ಎರಡು ದಿನದಿಂದ ದುಬೈ ಗೋಡೆ, ದುಬೈ ಗೋಡೆ ಎಂದು ಎಲ್ಲರಿಗಿಂತ ಜೋರಾಗಿ ನಕ್ಕವನು — ನನಗೂ ಒಂದು ಬರಿ ಎಂದ. ಅವನ ಹಿಂದೆ ಇನ್ನೊಬ್ಬ. ಬಾಗಿಲ ಹೊರಗೆ ಸಾಲು ಆಗುತ್ತಿದೆ. ಎರಿಕ್ ಹಣೆ ಒರೆಸಿಕೊಂಡು, ಬರೆದು ಕೊಡಿ, ಮೇಲೆ ಕಳಿಸುತ್ತೇನೆ, ಭರವಸೆ ಕೊಡುವುದಿಲ್ಲ ಎಂದ. ಕೆಳಗಿನಿಂದ ನನ್ನ ಮಂಚಕ್ಕೆ ಕಾಗದ ಬರುತ್ತಿದೆ.

ಇಬ್ರಾಹಿಮನಿಗೆ ಎಲ್ಲಿಗೆ ಹೋಗಲಿಕ್ಕೆ ಎಂದು ಕೇಳಿದೆ. ಚೀನಾವಾ, ಊರಾ?

"ಎಲ್ಲಿಗೂ ಇಲ್ಲ. ನನ್ನದಲ್ವಾ?"

ಕಾಲಮ್ಮಿನಲ್ಲಿ ಹಾಗೇ ಬರೆಯಬೇಕಂತೆ. ಎರಡು ಪುಟ ಬರೆಯುವವನಿಗೆ ಒಂದೇ ಶಬ್ದದ ಕೆಲಸ. ತಮಾಷೆಗೆ ಏನೂ ಸೇರಿಸಬೇಡ ಸುಹೈಬ್. ಕಾರಣ: ನನ್ನದು.